ಮಂಜ ಆಪ್ ಬಿಡ್ತಾನಂತೆ

"ಸಾಕಾಯ್ತು ಕಣ್ರೋ, ಈ ಮ್ಯೂಸಿಕ್ ಆಪ್ ಬಿಟ್ಬಿಡ್ತೀನಿ" ಅಂತ ಮಂಜ ಘೋಷಣೆ ಮಾಡಿದ. ರಘು ಉದ್ದಿನವಡೆಯಿಂದ ಕಣ್ಣೆತ್ತದೇನೇ "ಹೋದ ಯುಗಾದಿಗೆ ಸಿಗರೇಟೂ ಬಿಟ್ಟಿದ್ಯಲ್ಲ" ಅಂದ.

"ತಮಾಷೆ ಅಲ್ವೋ. ನಂಗೇನು ಇಷ್ಟ ಅಂತ ಅದಕ್ಕೆ ಗೊತ್ತೇ ಇಲ್ಲ. ‘ನಿಮಗಾಗಿ’ ಅಂತ ಒಂದು ಮಿಕ್ಸ್ ಮಾಡಿ ಕೊಡುತ್ತೆ, ಮೊದಲನೇದು ಸುಪ್ರಭಾತ, ಎರಡನೇದು ಮಕ್ಕಳ ಬಸ್ಸಿನ ಹಾಡು, ಮೂರನೇದು ಟಪ್ಪಾಂಗುಚ್ಚಿ, ಆಮೇಲೆ ಮತ್ತೆ ಸುಪ್ರಭಾತ."

"ಒಂದೇ ಅಕೌಂಟಲ್ಲಿ ನಿಮ್ಮಮ್ಮ, ನಿನ್ ಮಗಳು, ನಿನ್ ಜಿಮ್ಮು ಎಲ್ಲಾ ನಡೀತಿದೆ, ಪಾಪ ಅದೇನ್ಮಾಡುತ್ತೆ" ಅಂದ್ಲು ವೀಣಾ. "ಬೆಳಿಗ್ಗೆ ಐದಕ್ಕೆದ್ದು ಪೂಜೆ ಮಾಡಿ, ಬಸ್ ನೋಡಿ ಚಪ್ಪಾಳೆ ತಟ್ಟಿ, ಸಂಜೆ ಡಂಬಲ್ ಎತ್ತೋ ಒಬ್ಬ ಮನುಷ್ಯ ಇದ್ದಾನೆ ಅಂತ ಅದು ನಂಬ್ಕೊಂಡಿದೆ."

ಸರಿ, ಹೋಗೋದಾದ್ರೆ ಎಲ್ಲಿಗೆ ಅಂತ ಚರ್ಚೆ ಶುರುವಾಯ್ತು. ರಘು ಸಲಹೆ ಕೊಡೋಕೆ ಬಾಯಿ ತೆಗೆದ, ನಾವು ಮೂರೂ ಜನ ಒಟ್ಟಿಗೇ ನೀನು ಸುಮ್ನಿರಪ್ಪ ಅಂದ್ವಿ. ಯಾಕಂದ್ರೆ ಇವನ ಕಾಲ್ಗುಣ ಹಾಗಿದೆ. ಗೂಗಲ್ ಪ್ಲೇ ಮ್ಯೂಸಿಕ್‌ನಲ್ಲಿದ್ದ, 2020ರಲ್ಲಿ ಗೂಗಲ್ ಅದನ್ನ ಮುಚ್ಚಿ ಎಲ್ಲರೂ ಯೂಟ್ಯೂಬ್ ಮ್ಯೂಸಿಕ್‌ಗೆ ಹೋಗಿ ಅಂತು. ಇವನು ಹಠಕ್ಕೆ ಬಿದ್ದು ಗಾನಾಗೆ ಹೋದ, 2022ರಲ್ಲಿ ಅವರು ಪುಕ್ಕಟೆ ಕೇಳೋದನ್ನೇ ನಿಲ್ಲಿಸಿದ್ರು. ರೆಸ್ಸೋಗೆ ಹೋದ, 2024ರ ಜನವರಿಗೆ ಇಂಡಿಯಾದಲ್ಲಿ ಅದರ ಕಥೆ ಮುಗೀತು. ವಿಂಕ್‌ಗೆ ಬಂದ, ಅದೇ ವರ್ಷ ಏರ್‌ಟೆಲ್ ವಿಂಕನ್ನೂ ಮುಚ್ತು. ಅದಾದ್ಮೇಲೇನೇ ಮಂಜನ ಫ್ಯಾಮಿಲಿ ಪ್ಲಾನಿಗೆ ಬಂದು ಸೇರ್ಕೊಂಡಿರೋದು, ವೀಣಾ ಮತ್ತೆ ನಾನು ಮೊದಲೇ ಅದರಲ್ಲಿದ್ವಿ. ಫ್ಯಾಮಿಲಿ ಅಂದ್ರೆ ಎಲ್ಲರೂ ಒಂದೇ ಮನೇಲಿರ್ಬೇಕು ಅಂತ ರೂಲ್ಸು, ಹಾಗಾಗಿ ಲೆಕ್ಕಕ್ಕೆ ನಾವೆಲ್ಲ ಮಂಜನ ಬನಶಂಕರಿ ಮನೆಯೋರೇ, ಒಂದು ರೇಷನ್ ಕಾರ್ಡ್ ಮಾಡಿಸೋದು ಬಾಕಿ ಅಷ್ಟೆ.

"ನಂಗೆ ಲಾಸ್‌ಲೆಸ್ ಬೇಕು" ಅಂದ ಮಂಜ. "ಆಪಲ್ ಮ್ಯೂಸಿಕ್‌ನೋರು 2021ರಿಂದ್ಲೂ ಎಕ್ಸ್‌ಟ್ರಾ ದುಡ್ಡಿಲ್ದೆ ಕೊಡ್ತಿದಾರೆ. ಒಂದು ಚೂರೂ ನಷ್ಟ ಆಗದಿರೋ ಸೌಂಡು!"

ವೀಣಾ ಅವನ ಕಿವಿ ನೋಡಿದ್ಲು. "ಅದರಲ್ಲಿ ಹಾಕಿರೋದು ಬ್ಲೂಟೂತ್ ತಾನೆ? ಸಿಡಿ ಕ್ವಾಲಿಟಿ ಹಾಡು ಅಂದ್ರೆ ಸೆಕೆಂಡಿಗೆ 1,411 ಕಿಲೋಬಿಟ್ ಕಣೋ. ಮಾಮೂಲಿ ಬ್ಲೂಟೂತಲ್ಲಿ ಹೋಗೋದು ಹೆಚ್ಚುಕಮ್ಮಿ ಮುನ್ನೂರು. ಆಪಲ್‌ನೋರು ಎಷ್ಟೇ ಕಳಿಸ್ಲಿ, ನಿನ್ ಕಿವಿ ಬಾಗಿಲಲ್ಲಿ ಹಿಂಡಿ ಒಳಗೆ ಬಿಡುತ್ತೆ. ಲಾಸ್‌ಲೆಸ್ ಬೇಕಂದ್ರೆ ವೈರು ಚುಚ್ಕೋ."

"ಅದೂ ಇವನು ಕೇಳೋದು ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ" ಅಂತ ರಘು ಒಗ್ಗರಣೆ ಹಾಕ್ದ. "ಹಿಂದಿರೋ ಟೆಂಪೋ ಹಾರ್ನು ಮಾತ್ರ ನಷ್ಟ ಇಲ್ದೆ ಕೇಳಿಸುತ್ತೆ."

ಮಂಜ ಸೋಲ್ಲಿಲ್ಲ. ಪ್ಲೇಲಿಸ್ಟ್ ಸಾಗಿಸಿಕೊಡೋ ಸೈಟುಗಳಿರ್ತವಲ್ಲ, ಅಂಥದ್ದೊಂದು ತೆಗೆದು, ಇಡ್ಲಿ ತಣ್ಣಗಾಗೋಕೆ ಬಿಟ್ಟು, ಅಲ್ಲೇ ಟೇಬಲ್ ಮೇಲೇ ತನ್ನ ಭಾವಗೀತೆ ಲಿಸ್ಟನ್ನ ಇನ್ನೊಂದು ಆಪಿಗೆ ಕಳಿಸ್ದ. ಹಸಿರು ಗೆರೆ ನೂರಕ್ಕೆ ಮುಟ್ತು, ಎಲ್ಲಾದಕ್ಕೂ ಟಿಕ್ ಮಾರ್ಕ್ ಬಿತ್ತು, ಅವನ ಮುಖದಲ್ಲಿ ಡಿಸ್ಟಿಂಕ್ಷನ್ ಬಂದೋರ ಕಳೆ. ಪ್ಲೇ ಒತ್ತಿದ್ರೆ ಹಾರ್ಮೋನಿಯಂ ಬಂತು, ತಬಲಾ ಬಂತು, ಹಾಡೋರು ಬರ್ಲಿಲ್ಲ. ನೋಡಿದ್ರೆ ಹೊರಟಿದ್ದು ಸಿ. ಅಶ್ವಥ್ ಹಾಡು, ಬಂದು ತಲುಪಿರೋದು ಅದರ ಕ್ಯಾರಿಯೋಕೆ.

"ಅಂದ್ರೆ ನೀನೇ ಹಾಡ್ಕೋ ಅಂತ" ಅಂದ ರಘು.

ಮುಂದಿನದು ಯಾರೋ ಕೀಬೋರ್ಡಲ್ಲಿ ಬಾರಿಸಿದ್ದು, ಅದರ ಮುಂದಿನದು ಸ್ಲೋ ಮಾಡಿ ಬಾವಿಯೊಳಗಿಂದ ಹಾಡ್ದಂಗೆ ಮಾಡಿರೋದು, ಆಮೇಲೆ ಒಂದು ತೆಲುಗು. ವೀಣಾ ಸೌಂಡ್ ಎಡಿಟಿಂಗ್ ಕೆಲಸದೋಳು, ಅವಳಿಗೆ ಇದೆಲ್ಲ ಗೊತ್ತು. ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಅಂತ ಒಂದು ಕೋಡ್ ಇರುತ್ತಂತೆ, ಹಾಡಿನ ಆಧಾರ್ ನಂಬರ್ ಇದ್ದಂಗೆ, ಅದಕ್ಕೂ ಹನ್ನೆರಡೇ ಅಕ್ಷರ. ಅದು ತಾಳೆ ಆದ್ರೆ ಸರಿಯಾದ ಹಾಡೇ ಸಿಗುತ್ತೆ. ಆದ್ರೆ ನಮ್ಮ ಹಳೇ ಕ್ಯಾಸೆಟ್ ಹಾಡುಗಳನ್ನ ಆಮೇಲೆ ‘ಹಿಟ್ಸ್’, ‘ಸೂಪರ್ ಹಿಟ್ಸ್’, ‘ಎವರ್‌ಗ್ರೀನ್ ಹಿಟ್ಸ್’ ಅಂತ ಬೇರೆ ಬೇರೆ ಸಲ ಬಿಟ್ಟಾಗ ಒಂದೇ ಹಾಡಿಗೆ ಎರಡ್ಮೂರು ನಂಬರ್ ಬಿದ್ದಿರೋದೂ ಉಂಟು, ಆಗ ಸೈಟು ಬರೀ ಹೆಸರು ನೋಡಿ ಹುಡುಕುತ್ತೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೆಸರನ್ನ ಒಬ್ಬೊಬ್ಬರು ಒಂದೊಂದು ಥರ ಬರೆದಿರ್ತಾರೆ, ಕ್ಯಾರಿಯೋಕೆಯೋನು ಮಾತ್ರ ನೀಟಾಗಿ ಬರೆದಿರ್ತಾನೆ. ನನ್ನ ಕೇಳಿದ್ರೆ ಆಪ್ ಬದಲಾಯಿಸೋದ್ರಲ್ಲಿ ನಿಜವಾದ ತಲೆನೋವು ಇದೊಂದೇ, ಮಿಕ್ಕಿದ್ದೆಲ್ಲ ರೇಟಿನ ವಿಷ್ಯ.

"ಹಾಡು ಅಲ್ಲಿ ಇರೋದೂ ಗ್ಯಾರಂಟಿ ಇಲ್ಲ ಬಿಡು" ಅಂದ್ಲು ವೀಣಾ. "2019ರಲ್ಲಿ ಸ್ಪಾಟಿಫೈ ಇಂಡಿಯಾಗೆ ಬಂದಾಗ ಸರೆಗಮ ಕೋರ್ಟಿಗೆ ಹೋಗಿತ್ತು, ಮಾರನೇ ವರ್ಷ ಒಪ್ಪಂದ ಆಗೋತನಕ ಅವರ ಹಾಡೇ ಇರ್ಲಿಲ್ಲ. 2023ರಲ್ಲಿ ಝೀ ಮ್ಯೂಸಿಕ್‌ದೂ ಹಂಗೇ ಆಯ್ತು, ರಾತ್ರಿ ಇದ್ದ ಹಾಡು ಬೆಳಿಗ್ಗೆ ಇಲ್ಲ."

"ಕ್ಯಾಸೆಟ್ಟೇ ವಾಸಿ" ಅಂದೆ ನಾನು. "ಕಂಪನಿಯೋರು ಏನೇ ಕಿತ್ತಾಡಿದ್ರೂ ನಮ್ಮನೆ ಶೋಕೇಸಿಂದ ಬಂದು ಎತ್ಕೊಂಡ್ ಹೋಗ್ತಿರ್ಲಿಲ್ಲ."

ರಘುಗೆ ತಡೆಯೋಕಾಗ್ಲಿಲ್ಲ, ಯೂಟ್ಯೂಬ್ ಮ್ಯೂಸಿಕ್‌ಗೆ ನಮ್ಮ ಹತ್ರ ಇರೋ ಎಂಪಿ3ನೇ ಒಂದು ಲಕ್ಷದವರೆಗೂ ಅಪ್‌ಲೋಡ್ ಮಾಡ್ಬೋದು ಅಂತ ಹೇಳೇಬಿಟ್ಟ. ಒಳ್ಳೇ ಸಲಹೆನೇ. ಆದ್ರೆ ಹೇಳಿದ್ದು ರಘು ಅನ್ನೋ ಕಾರಣಕ್ಕೆ ತಳ್ಳಿಹಾಕಿದ್ವಿ.

"ಇಷ್ಟೆಲ್ಲ ಇದ್ರೂ ನಾನು ಬಿಡೋದೇ" ಅಂದ ಮಂಜ. "ನಿನ್ನೆ ಅಮ್ಮ ಸುಪ್ರಭಾತ ಹಾಕ್ಸಿದ್ರು, ದೇವರು ಇನ್ನೇನು ಏಳ್ಬೇಕು, ಅಷ್ಟರಲ್ಲಿ ಒಬ್ಬಳು ಬಂದು ಪರ್ಸನಲ್ ಲೋನ್ ಬೇಕಾ ಅಂತಾಳೆ."

"ಅಮ್ಮ ಬೈದ್ರಾ?"

"ಬಡ್ಡಿ ಎಷ್ಟಂತೆ ಕೇಳೋ ಅಂದ್ರು."

ನಾವು ನಗ್ತಿದ್ವಿ, ವೀಣಾ ನಗ್ಲಿಲ್ಲ. "ಒಂದ್ನಿಮಿಷ. ಪ್ರೀಮಿಯಂ ಅಲ್ವಾ ನಮ್ದು? ಆಡ್ ಹೆಂಗ್ ಬಂತು?"

ಮಂಜ ಚಟ್ನಿ ಕಡೆ ತಿರುಗಿದ.

"ನಂಗೂ ಒಂದು ವಾರದಿಂದ ಬರ್ತಿದೆ, ಎಲ್ರಿಗೂ ಶುರು ಮಾಡಿರ್ಬೇಕು ಅಂದ್ಕೊಂಡಿದ್ದೆ" ಅಂದೆ ನಾನು.

"ವರ್ಷದ ದುಡ್ಡು ನಾನು ಯುಗಾದಿಗೇ ಇವನಿಗೆ ಯುಪಿಐ ಮಾಡಿದೀನಿ" ಅಂತ ವೀಣಾ ಫೋನ್ ತೆಗೆದ್ಲು. ರಘು ಅವನದನ್ನ ತೆಗೆದ. ನಾನೂ ತೆಗೆದೆ. ಮೂರು ಸ್ಕ್ರೀನ್‌ಶಾಟು ಮಂಜನ ಇಡ್ಲಿ ಸುತ್ತ ಕೂತ್ವು.

"ಅದು... ಕಾರ್ಡ್ ಎಕ್ಸ್‌ಪೈರ್ ಆಗಿತ್ತು. ರಿನ್ಯೂ ಮಾಡ್ಬೇಕಿತ್ತು. ಹೆಂಗೂ ಬಿಡ್ತೀನಲ್ಲ ಅಂತ..."

"ದುಡ್ಡು?"

"ಹೊಸ ಇಯರ್‌ಬಡ್ಸ್ ತಗೊಂಡೆ ಕಣ್ರೋ, ಲಾಸ್‌ಲೆಸ್ ಸಪೋರ್ಟ್ ಇದೆ ಅಂತ ಬಾಕ್ಸ್ ಮೇಲೆ ಬರ್ದಿತ್ತು."

ರಘು ಸಪ್ಲೈಯರ್‌ನ ಕರೆದು ಮೂರು ಬೆಣ್ಣೆ ಮಸಾಲೆ, ಮೂರು ಕಾಫಿ, ಬಿಲ್ಲು ಆ ಸಾರ್‌ಗೆ ಅಂದ.