ದೊಡ್ಡಪ್ಪನ ಬಿದಿರಕ್ಕಿ

ದೊಡ್ಡಪ್ಪ: (ಫಾರ್ವರ್ಡ್) ನೂರು ವರ್ಷಕ್ಕೊಮ್ಮೆ ಸಿಗುವ ಬಿದಿರಕ್ಕಿ!! ಸಕ್ಕರೆ ಕಾಯಿಲೆ, ಮಂಡಿನೋವು ಮಂಗಮಾಯ. ಹತ್ತು ಜನಕ್ಕೆ ಕಳಿಸಿ 🙏

ದೊಡ್ಡಪ್ಪ: ಎರಡು ಕಿಲೋ ತರಿಸಿದ್ದೇನೆ. ಫೋಟೋ ನೋಡಿ. ಯಾರಿಗೆ ಬೇಕು?

ನಾನು: ದೊಡ್ಡಪ್ಪ, ಇದೇನು ಇಷ್ಟು ಹಸಿರು? ಬಿದಿರಿನ ಬೀಜ ನೋಡೋಕೆ ಗೋಧಿ ಥರ. ಕಂದು ಬಣ್ಣ, ಉದ್ದಕ್ಕೆ ಒಂದು ಗೀರು. ಮಾಮೂಲಿ ಅಕ್ಕಿಗೆ ಬಿದಿರಿನ ರಸ ಹಿಡಿಸಿಯೂ ಇದೇ ಹೆಸರಲ್ಲಿ ಮಾರುತ್ತಾರೆ.

ದೊಡ್ಡಪ್ಪ: ಪ್ಯಾಕೆಟ್ ಮೇಲೆ 'ಕಾಡಿನದು' ಅಂತ ಅಚ್ಚು ಹಾಕಿದ್ದಾರಮ್ಮ.

ಗಿರೀಶ ಮಾವ: ಭಾವ, ನೂರು ವರ್ಷಕ್ಕೊಮ್ಮೆ ಸಿಗೋದು ಅಂಗಡಿಯಲ್ಲಿ ವರ್ಷವಿಡೀ ಹೇಗೆ ಸಿಗುತ್ತದೆ? 😂

ನಾನು: ಮಾವ, ಅಲ್ಲಿ ನೀವೂ ಪೂರ್ತಿ ಸರಿಯಿಲ್ಲ. ಹೆಬ್ಬಿದಿರು ಹೂ ಬಿಡುವುದು ಸುಮಾರು 40-50 ವರ್ಷಕ್ಕೊಮ್ಮೆ. ಆದರೆ ಎಲ್ಲ ಕಾಡಲ್ಲೂ ಒಂದೇ ವರ್ಷ ಅಲ್ಲ. ಬಿದಿರು ಹುಲ್ಲಿನ ಜಾತಿ ಅಲ್ವಾ, ಭತ್ತದ ಹಾಗೆ ಬೀಜ ಉದುರಿಸಿ ಮೆಳೆಗೆ ಮೆಳೆಯೇ ಒಣಗುತ್ತದೆ.

ಅತ್ತೆ: ನಮ್ಮ ಎಚ್.ಡಿ. ಕೋಟೆ ಕಡೆ ಜೇನುಕುರುಬರು ಮೆಳೆಯ ಬುಡ ಹಸನು ಮಾಡಿ, ಉದುರಿದ್ದನ್ನು ಗುಡಿಸಿಕೊಳ್ಳುತ್ತಾರೆ. ಮೊರದಲ್ಲಿ ಕೇರಿ, ಕುಟ್ಟಿ, ಸಿಪ್ಪೆ ತೆಗೆಯಬೇಕು. ಕಲ್ಲು ಮಣ್ಣು ಇಲ್ಲದ ಬಿದಿರಕ್ಕಿ ನಾನಂತೂ ನೋಡಿಲ್ಲ. ಅಣ್ಣನ ಪ್ಯಾಕೆಟ್ಟಿನದು ಪಾಲಿಶ್ ಹೊಡೆದಂತಿದೆ.

ಅಮ್ಮ: ಬಿದಿರು ಹೂ ಬಿಟ್ಟರೆ ಬರ ಬರುತ್ತೆ ಅಂತಾರೆ. ಮನೆಗೆ ಯಾಕೆ ಭಾವ ಅದೆಲ್ಲ?

ಗಿರೀಶ ಮಾವ: ಅಕ್ಕ, ಸುಮ್ನೆ ಹೆದರಿಸಬೇಡ. ಮೂಢನಂಬಿಕೆ.

ನಾನು: ಪೂರ್ತಿ ಮೂಢನಂಬಿಕೆ ಅಲ್ಲ ಮಾವ. ಮಿಜೋರಾಂ ಬೆಟ್ಟಗಳಲ್ಲಿ ಒಂದು ಜಾತಿ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಒಟ್ಟಿಗೇ ಕಾಯಿ ಬಿಡುತ್ತದೆ. 1959ರಲ್ಲಿ ಅದನ್ನು ತಿಂದು ಇಲಿಗಳು ವಿಪರೀತ ಹೆಚ್ಚಿದವು. ಕಾಯಿ ಮುಗಿದ ಮೇಲೆ ಗದ್ದೆಗೆ, ಕಣಜಕ್ಕೆ ನುಗ್ಗಿದವು. ಜನ ಹಸಿವಿನಿಂದ ಸತ್ತರು. ಆಗ ಪರಿಹಾರಕ್ಕೆಂದು ಮಿಜೋ ನಾಯಕ ಲಾಲ್‌ಡೆಂಗಾ ಮುಂದೆ ನಿಂತು ನಡೆಸಿದ ಸಂಘಟನೆಯೇ 1961ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರಲ್ಲಿ ಭಾರತದಿಂದ ಬೇರೆಯಾಗಬೇಕು ಅಂತ ಅದು ದಂಗೆ ಎದ್ದಿತು.

ಗಿರೀಶ ಮಾವ: ಇಲಿಯಿಂದ ದಂಗೆ!

ನಾನು: ಇಲಿಯೊಂದರಿಂದಲೇ ಅಲ್ಲ. ಬರ ಬರುತ್ತೆ ಅಂತ ಜನ ಮೊದಲೇ ಎಚ್ಚರಿಸಿದ್ದರು, ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಟ್ಟು ಅದಕ್ಕೆ.

ಅಮ್ಮ: ನೋಡಿದ್ಯಾ ಗಿರೀಶ?

ದೊಡ್ಡಪ್ಪ: ಇತಿಹಾಸ ಸಾಕು. ಶುಗರ್‌ಗೆ ಒಳ್ಳೆಯದೋ ಅಲ್ವೋ, ಅಷ್ಟು ಹೇಳು.

ನಾನು: ಅದೂ ಧಾನ್ಯವೇ ದೊಡ್ಡಪ್ಪ, ಪಿಷ್ಟ ಇದ್ದೇ ಇರುತ್ತದೆ. ಅನ್ನದ ಜಾಗದಲ್ಲಿ ಅಳತೆಯಲ್ಲಿ ತಿನ್ನಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ.

ದೊಡ್ಡಮ್ಮ: ಈಗ ನೋಡಿದೆ ಗ್ರೂಪು. ಅದನ್ನ ಬೆಳಿಗ್ಗೆಯೇ ಪಾಯಸಕ್ಕೆ ಹಾಕಿಬಿಟ್ಟೆ. ಬೆಲ್ಲ ಸ್ವಲ್ಪ ಜಾಸ್ತಿ ಆಗಿದೆ. ಇವರು ಎರಡು ಲೋಟ ಕುಡಿದರು.