ಗುಬ್ಬಿ ಮನೆಗೆ ಕಡ್ಡಿ ಬೇಕಾ, ಬೇಡವಾ?

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು ‘ಹಂಚಿನ ಮನೆ’. ತೀರ್ಥಹಳ್ಳಿಯ ಆ ಮನೆಗೆ ಈಗ ಹಂಚಿಲ್ಲ. ಬಿಚ್ಚಿ ತಾರಸಿ ಹಾಕಿಸಿ ಹನ್ನೆರಡು ವರ್ಷವಾಯಿತು. ಹೆಸರು ಮಾತ್ರ ಉಳಿದಿದೆ. ಕಳೆದ ಭಾನುವಾರ ಬೆಳಗ್ಗೆ ಕಿಟ್ಟಿ ಅದರಲ್ಲಿ ಒಂದು ಫೋಟೊ ಹಾಕಿದ. ರಾತ್ರಿಯವರೆಗೆ ಬೇರೆ ಮಾತೇ ಇಲ್ಲ. ಶುಭೋದಯ, ದೇವರ ಪಟ ಎಲ್ಲ ತೆಗೆದು ಜಗಳವನ್ನಷ್ಟೇ ಇಲ್ಲಿ ಇಟ್ಟಿದ್ದೇನೆ.

ಕಿಟ್ಟಿ: ಎರಡು ಭಾನುವಾರದ ಕೆಲಸ. ಹಿತ್ತಿಲಿಗೆ ಗುಬ್ಬಿ ಮನೆ ರೆಡಿ. ಹೂವು ಬರೆದದ್ದು ಪುಟ್ಟಿ.

(ಹಸಿರು ಗೋಡೆ, ಕೆಂಪು ಮಾಡು, ಮುಂದೆ ದುಂಡನೆಯ ತೂತು, ಅದರ ಕೆಳಗೆ ಬೆರಳುದ್ದದ ಒಂದು ಕಡ್ಡಿ. ಹೂವು ಮನೆಗಿಂತ ದೊಡ್ಡದಾಗಿತ್ತು.)

ಪದ್ಮತ್ತೆ: ಎಷ್ಟು ಚಂದ ಇದೆಯೋ! ನಾನೇ ಬಂದು ಇದ್ದುಬಿಡೋಣ ಅನಿಸುತ್ತದೆ.

ದೊಡ್ಡಪ್ಪ: ಅದು ಯಾವ ಹಲಗೆ?

ಕಿಟ್ಟಿ: ಕೊಟ್ಟಿಗೆ ಅಟ್ಟದಲ್ಲಿ ಇತ್ತು ದೊಡ್ಡಪ್ಪ.

ದೊಡ್ಡಪ್ಪ: ಹಲಸಿನದಾ? ಒಂದಡಿ ಅಗಲದ್ದಾ?

ಕಿಟ್ಟಿ: ಹೂಂ.

ದೊಡ್ಡಪ್ಪ: ಹಳೇ ಮನೆ ಬಿಚ್ಚುವಾಗ ನಾನೇ ಆರಿಸಿ ಎತ್ತಿಟ್ಟ ಹಲಗೆ ಅದು. ಊಟದ ಮಣೆ ಮಾಡಿಸಬೇಕು ಅಂತ ಇಟ್ಟಿದ್ದೆ. ಒಂದು ಮಾತು ಕೇಳಬೇಕು ಅನಿಸಲಿಲ್ಲವಾ?

ಕಿಟ್ಟಿ: ಹನ್ನೆರಡು ವರ್ಷ ಯಾರೂ ಮುಟ್ಟಿರಲಿಲ್ಲ. ಆರಡಿಯಲ್ಲಿ ಮೂರಡಿ ಹಾಗೇ ಇದೆ.

ಪದ್ಮತ್ತೆ: ಅಣ್ಣ, ನಿನ್ನ ಮಂಡಿಗೆ ಮಣೆ ಬೇರೆ ಕೇಡು. ಕೂತರೆ ಎಬ್ಬಿಸೋಕೆ ಇಬ್ಬರು ಬೇಕು.

ದೊಡ್ಡಪ್ಪ ಅರ್ಧ ಗಂಟೆ ಮಾತಾಡಲಿಲ್ಲ. ಆ ಹೊತ್ತಲ್ಲಿ ನಾನು ಬಾಯಿ ಹಾಕಿದೆ. ಮೈಸೂರಿನಲ್ಲಿ ಇರುವವಳು ನಾನು. ಭಾನುವಾರ ದುರ್ಬೀನು ಹಿಡಿದು ಕೆರೆ ಸುತ್ತುವ ಚಟ ಇದೆ. ಹಾಗಾಗಿ ಹಕ್ಕಿ ಅಂದರೆ ಸುಮ್ನೆ ಇರುವುದಕ್ಕೆ ಆಗುವುದಿಲ್ಲ.

ನಾನು: ಕಿಟ್ಟಿ, ಕೆಲಸ ಅಚ್ಚುಕಟ್ಟಾಗಿದೆ. ಆದರೆ ತೂತಿನ ಕೆಳಗೆ ಕಡ್ಡಿ ಇದೆಯಲ್ಲ, ಅದನ್ನು ಕಿತ್ತುಬಿಡು.

ಕಿಟ್ಟಿ: ಯಾಕಕ್ಕ? ಕೂರೋಕೆ ಬೇಡವಾ? ಯೂಟ್ಯೂಬಲ್ಲಿ ಎಲ್ಲದಕ್ಕೂ ಇದೆ.

ನಾನು: ಗುಬ್ಬಿಗೆ ಬೇಡ. ತೂತಿನ ಅಂಚಿಗೇ ಉಗುರು ಕಚ್ಚಿ ಒಳಗೆ ನುಗ್ಗುತ್ತದೆ. ಹಳೇ ಮನೆ ಗೋಡೆ ಸಂದಿಗೆ ಯಾರು ಕಡ್ಡಿ ನೆಟ್ಟಿದ್ದರು? ಕಡ್ಡಿ ಬೇಕಾಗಿರುವುದು ಕಾಗೆಗೆ, ಕೆಂಬೂತಕ್ಕೆ. ಆರಾಮಾಗಿ ಕೂತು ತೂತಿನೊಳಗೆ ಕೊಕ್ಕು ಹಾಕುತ್ತವೆ.

ಚಿಕ್ಕಪ್ಪ: ಕಡ್ಡಿ ತೆಗೆದರೆ ಮೂಗು ಕೊಯ್ದ ಮುಖದ ಹಾಗೆ ಕಾಣುತ್ತದೆ.

ನಾನು: ನೋಡುವವರು ನಾವು ಚಿಕ್ಕಪ್ಪ, ಇರುವುದು ಅದು. ಕಿಟ್ಟಿ, ತೂತು ಎಷ್ಟು ಅಗಲ?

ಕಿಟ್ಟಿ: ಎರಡು ಇಂಚು. ಧಾರಾಳವಾಗಿ ಇರಲಿ ಅಂತ. ಆಚಾರ್ರ ಹತ್ತಿರ ಇದ್ದ ತೂತು ಕೊರೆಯುವ ಬಿಟ್ ಕೂಡ ಅದೇ ಅಳತೆಯದು.

ನಾನು: ಅಷ್ಟು ಧಾರಾಳವಾದರೆ ಗೊರವಂಕ ಬಂದು ಸೇರಿಕೊಳ್ಳುತ್ತದೆ. ಗುಬ್ಬಿಗೆ ಒಂದೂಕಾಲು ಇಂಚು ಸಾಕು, 32 ಮಿ.ಮೀ. ಹತ್ತು ರೂಪಾಯಿ ನಾಣ್ಯ 27 ಮಿ.ಮೀ. ಇದೆ. ಅದನ್ನು ಬೇರೆ ಹಲಗೆ ತುಂಡಿನ ಮೇಲಿಟ್ಟು ಪೆನ್ಸಿಲಲ್ಲಿ ಸುತ್ತು ಹಾಕು, ಗೆರೆಯ ಹೊರಗೆ ಒಂದು ಅಕ್ಕಿ ಕಾಳಿನ ದಪ್ಪ ಬಿಟ್ಟು ಕೊರೆ.

ಪದ್ಮತ್ತೆ: ಗೊರವಂಕ ಬಂದರೆ ಏನಾಯಿತೇ? ಅದೂ ಹಕ್ಕಿಯೇ ಅಲ್ವಾ?

ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ನಾನು: ಬರಲಿ ಅತ್ತೆ. ಆದರೆ ಗೊರವಂಕಕ್ಕೆ ಎಲ್ಲಾದರೂ ಜಾಗ ಸಿಗುತ್ತದೆ, ಜಗಳವಾಡಿ ತೆಗೆದುಕೊಳ್ಳುತ್ತದೆ. ಗುಬ್ಬಿ ಅದರ ಮುಂದೆ ನಿಲ್ಲುವುದಿಲ್ಲ.

ಕಿಟ್ಟಿ: ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂದರೆ ಇದೇ ನೋಡು. ನೀನು ಮೈಸೂರಿನಲ್ಲಿ ಕೂತು ಹೇಳುತ್ತೀಯ. ಕೈಗೆ ಬೊಬ್ಬೆ ಬಂದಿರುವುದು ನನಗೆ.

ಇಲ್ಲಿ ನಾನು ತಪ್ಪು ಮಾಡಿದೆ. ಬೊಬ್ಬೆಗೆ ಒಂದು ಮಾತು ಹೇಳುವುದು ಬಿಟ್ಟು ಇನ್ನಷ್ಟು ಅಳತೆ ಬರೆದು ಕಳಿಸಿದೆ.

ನಾನು: ತಳದಿಂದ ತೂತಿಗೆ ಆರಿಂಚು ಎತ್ತರ ಇರಬೇಕು, ಇಲ್ಲದಿದ್ದರೆ ಬೆಕ್ಕಿನ ಕೈಗೆ ಮರಿ ಸಿಗುತ್ತದೆ. ತಳದ ಮೂಲೆಗಳಲ್ಲಿ ಸಣ್ಣ ತೂತು ಕೊರೆ, ನೀರು ಇಳಿಯಲಿ. ಮಾಡಿನ ಕೆಳಗೆ ಎರಡು, ಸೆಕೆ ಹೋಗಲಿ. ಒಳಗೆ ಬಣ್ಣ ಬಳಿದಿಲ್ಲ ತಾನೇ? ಕೀಸುಳಿಯೂ ಹಾಕಬೇಡ, ಒರಟಾಗಿದ್ದರೆ ಮರಿ ಉಗುರೂರಿ ಮೇಲೆ ಬರುತ್ತದೆ. ಮಾಡಿಗೆ ಮೊಳೆ ಹೊಡೆಯಬೇಡ, ಹಿಂಜ್ ಹಾಕು. ಮರಿ ಹಾರಿದ ಮೇಲೆ ಹಳೇ ಹುಲ್ಲು ತೆಗೆಯಬೇಕು. ಬಾಯಿ ಪಶ್ಚಿಮಕ್ಕೆ ಬೇಡವೇ ಬೇಡ. ಆಗುಂಬೆ ಕಡೆಯಿಂದ ಬರುವ ಮಳೆ ನೇರ ಒಳಗೆ ಹೊಡೆಯುತ್ತದೆ.

ಕಿಟ್ಟಿ ಹೆಬ್ಬೆರಳು ತೋರಿಸಿದ. ಅಷ್ಟೇ. ನಮ್ಮ ಗುಂಪಿನಲ್ಲಿ ಬರೀ ಹೆಬ್ಬೆರಳು ಬಂತು ಅಂದರೆ ಸಿಟ್ಟು ಬಂದಿದೆ ಅಂತ ಅರ್ಥ.

ಆಗ ದೊಡ್ಡಪ್ಪ ವಾಪಸ್ ಬಂದರು. ಮಣೆಯ ವಿಷಯ ಬಿಟ್ಟು, ಎಲ್ಲಿಂದಲೋ ಬಂದ ಸಂದೇಶವನ್ನು ನಮಗೆ ದಾಟಿಸಿದರು. ಮೊಬೈಲ್ ಟವರಿನಿಂದ ದೇಶದಲ್ಲಿ ಗುಬ್ಬಚ್ಚಿ ನಿರ್ನಾಮವಾಗುತ್ತಿದೆ, ಇದನ್ನು ಹತ್ತು ಜನರಿಗೆ ಕಳಿಸಿ ಅಂತ.

ನಾನು: ದೊಡ್ಡಪ್ಪ, ನಿರ್ನಾಮ ಆಗಿಲ್ಲ. ಭಾರತದ ಹಕ್ಕಿಗಳ ಸ್ಥಿತಿ ಬಗ್ಗೆ 2020ರಲ್ಲಿ ಒಂದು ವರದಿ ಬಂತು. ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಿ ಹೆಚ್ಚುಕಮ್ಮಿ ಹಾಗೇ ಇದೆ, ಬೆಂಗಳೂರು, ಚೆನ್ನೈ, ಮುಂಬೈಯಂಥ ದೊಡ್ಡ ಊರುಗಳಲ್ಲಿ ಕಮ್ಮಿಯಾಗಿದೆ ಅಂತ ಅದರಲ್ಲಿದೆ. ಟವರೇ ಕಾರಣ ಅನ್ನೋಕೆ ಗಟ್ಟಿ ಸಾಕ್ಷಿ ಸಿಕ್ಕಿಲ್ಲ. ಗೂಡಿಗೆ ಸಂದಿ ಇಲ್ಲದಿರುವುದು, ಮರಿಗೆ ಹುಳ ಸಿಗದಿರುವುದು, ಇವೆಲ್ಲ ಇವೆ.

ದೊಡ್ಡಪ್ಪ: ಹುಳ ಯಾಕೆ? ಗುಬ್ಬಿ ಕಾಳು ತಿನ್ನುವುದಲ್ವಾ?

ನಾನು: ದೊಡ್ಡದು ಕಾಳು ತಿನ್ನುತ್ತದೆ. ಮರಿಗೆ ಮೊದಮೊದಲು ಹುಳವೇ ಬೇಕು. ಹಿತ್ತಿಲಿಗೆ ಔಷಧಿ ಹೊಡೆಯುವುದು ನಿಲ್ಲಿಸಿದರೆ ಒಳ್ಳೆಯದು.

ಚಿಕ್ಕಪ್ಪ: ಬದನೆಗೆ ಹುಳ ಬಿದ್ದರೆ ಪಲ್ಯಕ್ಕೆ ನಿನ್ನ ಗುಬ್ಬಿ ಬಂದು ಬದನೆ ಕೊಡುತ್ತದಾ?

ಮಧ್ಯಾಹ್ನ ಊಟದ ಹೊತ್ತಿಗೆ ಪದ್ಮತ್ತೆಯ ಧ್ವನಿ ಸಂದೇಶ ಬಂತು, ನಾಲ್ಕು ನಿಮಿಷದ್ದು. ಹಿಂದೆ ಕುಕ್ಕರ್ ಕೂಗುತ್ತಿತ್ತು. ಕೇಳಿ ಬರೆದುಕೊಂಡದ್ದು ಇಷ್ಟು:

“ಹಳೇ ಮನೆ ನಡುಮನೆಯಲ್ಲಿ ವೆಂಕಟರಮಣನ ಪಟ ಇತ್ತಲ್ಲ, ಗೋಡೆಗೆ ಒರಗದೆ ಮುಂದಕ್ಕೆ ಬಾಗಿದ್ದದ್ದು. ಅದರ ಹಿಂದೆ ಪ್ರತಿ ವರ್ಷ ಗುಬ್ಬಿ ಗೂಡು ಕಟ್ಟುತ್ತಿತ್ತು. ಹುಲ್ಲು, ಪೊರಕೆ ಕಡ್ಡಿ, ನನ್ನ ಜಡೆಯಿಂದ ಉದುರಿದ ಕೂದಲು, ಎಲ್ಲ ಅಲ್ಲೇ. ಅರ್ಧ ಕೆಳಗೆ ಬೀಳುತ್ತಿತ್ತು. ಒಂದು ಸಲ ಅಣ್ಣನ ಸಾರಿಗೇ ಬಿತ್ತು, ಅಣ್ಣ ತೆಗೆದು ಪಕ್ಕಕ್ಕಿಟ್ಟು ಊಟ ಮುಂದುವರಿಸಿದ. ಮೊಟ್ಟೆ ಇಟ್ಟ ಮೇಲೆ ಅಪ್ಪಯ್ಯ ಫ್ಯಾನಿನ ಸ್ವಿಚ್ಚಿಗೆ ಬಟ್ಟೆ ಸುತ್ತುತ್ತಿದ್ದರು, ಯಾರೂ ಹಾಕಬಾರದು ಅಂತ. ಕಾವು ಎರಡು ವಾರ, ಮರಿ ಹಾರೋಕೆ ಎರಡು ವಾರ. ಏಪ್ರಿಲ್ ಸೆಕೆಯಲ್ಲಿ ಒಂದು ತಿಂಗಳು ಬೀಸಣಿಗೆಯೇ ಗತಿ. ನೆಂಟರು ಬಂದರೂ ಅಷ್ಟೇ. ಈಗ ಆ ಪಟ ದೇವರ ಕೋಣೆಯ ಟೈಲ್ಸಿಗೆ ಅಂಟಿಕೊಂಡು ಕೂತಿದೆ. ಹಿಂದೆ ಕಾಗದ ತೂರಿಸೋಕೂ ಜಾಗ ಇಲ್ಲ.”

ಅದಾದ ಮೇಲೆ ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.

ಕಿಟ್ಟಿ: ಒಳಗೂ ಬಣ್ಣ ಬಳಿದಿದ್ದೇನೆ ಅಕ್ಕ. ಏನು ಮಾಡಲಿ?

ನಾನು: ಸ್ಯಾಂಡ್ ಪೇಪರಲ್ಲಿ ಉಜ್ಜಿ ತೆಗೆ. ಹೊರಗಿನದು ಇರಲಿ, ವಾಸನೆ ಹೋಗುವವರೆಗೆ ಒಣಗಿಸು. ಕೈ ಹೇಗಿದೆ?

ಕಿಟ್ಟಿ: ಬೊಬ್ಬೆ ಒಡೆಯಿತು. ಕಡ್ಡಿ ತೆಗೆಯುತ್ತೇನೆ ಅಂದರೆ ಪುಟ್ಟಿ ಅಳುತ್ತಾಳೆ. ಗುಬ್ಬಿ ಅಲ್ಲಿ ಕೂತು ಕೈ ತೊಳೆಯುತ್ತದೆ ಅಂತ ಅವಳ ಲೆಕ್ಕ.

ಪದ್ಮತ್ತೆ: ಕಾಗಕ್ಕ ಬಂದು ಕೂರುತ್ತಾಳೆ ಅಂತ ಹೇಳು. ಗುಬ್ಬಕ್ಕನ ಮನೆ ಕಥೆ ಗೊತ್ತಲ್ಲ ಅವಳಿಗೆ, ಒಪ್ಪುತ್ತಾಳೆ.

ಚಿಕ್ಕಪ್ಪ: ಇಷ್ಟೆಲ್ಲ ಮಾಡಿ ಗುಬ್ಬಿ ಬರುತ್ತದಾ?

ನಾನು: ಸುತ್ತಮುತ್ತ ಗುಬ್ಬಿ ಇದ್ದರೆ ಬರಬಹುದು. ಅದು ಊರು ಬಿಟ್ಟು ಊರಿಗೆ ಹೋಗುವ ಹಕ್ಕಿಯಲ್ಲ. ತೋಟದ ನಡುವೆ ಗೂಡು ತೂಗುಹಾಕಿದರೆ ಪ್ರಯೋಜನ ಇಲ್ಲ. ಅದಕ್ಕೆ ಜನ ಬೇಕು, ಅಂಗಡಿ ಬೇಕು.

ಚಿಕ್ಕಪ್ಪ: ನಮ್ಮ ಹಿಂದಿನ ಬೀದಿ ಅಕ್ಕಿ ಅಂಗಡಿ ಮುಂದೆ ಹಿಂಡೇ ಇದೆ. ಶಟರ್ ಪೆಟ್ಟಿಗೆಯೊಳಗೆ ಗೂಡು ಕಟ್ಟಿವೆ. ಅಂಗಡಿಯವನು ಶಟರ್ ನಿಧಾನ ಎಳೆಯುತ್ತಾನೆ.

ನಾನು: ಹಾಗಾದರೆ ಹಿತ್ತಿಲ ಸಜ್ಜಾ ಕೆಳಗೆ ಹಾಕಿ. ಎಂಟು ಹತ್ತು ಅಡಿ ಎತ್ತರ ಸಾಕು.

ಸಂಜೆ ಏಳಕ್ಕೆ ಕಿಟ್ಟಿ ಇನ್ನೊಂದು ಫೋಟೊ ಹಾಕಿದ. ಕಡ್ಡಿ ಇದ್ದ ಜಾಗದಲ್ಲಿ ಮರದ ಬಿರಡೆ ಜಡಿದು, ಅದರ ಮೇಲೆ ಪುಟ್ಟಿ ಇನ್ನೊಂದು ಹೂವು ಬರೆದಿದ್ದಳು. ಎರಡಿಂಚಿನ ತೂತಿನ ಮೇಲೆ ಅಂಗೈಯಗಲದ ಹಲಸಿನ ತುಂಡು, ನಾಲ್ಕು ಸ್ಕ್ರೂ, ನಡುವೆ ಒಂದೂಕಾಲು ಇಂಚಿನ ತೂತು. ಆ ತುಂಡಿಗೆ ಬಣ್ಣ ಬಳಿದಿರಲಿಲ್ಲ. ಹಳದಿ ಮರ, ಬಲಗಡೆ ಒಂದು ಗಂಟು. ಅಡಿಕೆ ಆರಿಸುವ ಜಗಲಿಯಲ್ಲಿ ಕಾಲು ಮಡಚಿ ಕೂತು ನಾವೆಲ್ಲ ನೋಡಿದ ಗೋಡೆ ಹಲಗೆ ಅದೇ ಅಂತ ನನಗೆ ಆಗ ಹೊಳೆಯಿತು.

ಪದ್ಮತ್ತೆ: ಇದು ಮೊದಲಿಗಿಂತ ಚಂದ.

ನಾನು: ಶಹಬ್ಬಾಸ್. ಗುಬ್ಬಿ ಒಂಟಿಯಾಗಿ ಇರುವುದಲ್ಲ, ಪಕ್ಕದಲ್ಲೇ ಇನ್ನೊಂದು ಇದ್ದರೆ ಬರುವ ಸಂಭವ ಜಾಸ್ತಿ.

ಕಿಟ್ಟಿ: ನನ್ನ ಕೈ ವಾಸಿಯಾಗಲಿ ಮಾರಾಯ್ತಿ.

ದೊಡ್ಡಪ್ಪ: ಒಂದು ಗೂಡಿಗೆ ಆ ಹಲಗೆ ಎಷ್ಟು ಹಿಡಿಯುತ್ತದೆ?

ಕಿಟ್ಟಿ: ಉದ್ದಕ್ಕೆ ಸೀಳಿದರೆ ಎರಡೂಕಾಲು ಅಡಿ ದೊಡ್ಡಪ್ಪ. ನಾನು ಕಲಿಯೋಕೆ ಹೋಗಿ ಮೂರಡಿ ಹಾಳು ಮಾಡಿದೆ.

ದೊಡ್ಡಪ್ಪ: ಮಣೆಗೆ ಒಂದೂವರೆ ಬೇಕಿತ್ತು.

ಕಿಟ್ಟಿ: ಗೊತ್ತು. ನೀವು ಹೇಳದೆ ಇನ್ನು ಮುಟ್ಟುವುದಿಲ್ಲ.

ಮೇಲೆ ‘ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು, ಹೋಯಿತು, ಮತ್ತೆ ಬಂತು. ಒಂಬತ್ತೂಮುಕ್ಕಾಲಿಗೆ ಅವರ ಸಂದೇಶ ಬಿತ್ತು.

ದೊಡ್ಡಪ್ಪ: ಎರಡನೆಯದಕ್ಕೆ ಮೊದಲೇ ಒಂದೂಕಾಲು ಇಂಚಿನ ಬಿಟ್ ತರಿಸಿಕೋ. ದುಡ್ಡು ನಾನು ಹಾಕುತ್ತೇನೆ.