ತಲೆಯಿಂದ ಹೋಗ್ತಾನೇ ಇಲ್ಲ, ಏನ್ ಮಾಡ್ಲಿ?

ಸೆಕೆಂಡ್ ಪಿಯು ಓದ್ತಿದೀನಿ, ಟ್ಯೂಷನ್‌ನಲ್ಲಿ ಒಬ್ಳು ಹುಡುಗಿ, ಸರಿಯಾಗಿ ಮಾತೂ ಆಡಿಲ್ಲ ಆದ್ರೂ ಯಾವಾಗ್ಲೂ ವಾಟ್ಸಾಪ್‌ನಲ್ಲಿ ಅವ್ಳ ಲಾಸ್ಟ್ ಸೀನ್ ನೋಡ್ಕೊಂಡೇ ಕೂತಿರ್ತೀನಿ, ಫಿಸಿಕ್ಸ್ ಬುಕ್ ತೆಗೆದ್ರೂ ಅವ್ಳೇ, ನಿದ್ದೆನೂ ಇಲ್ಲ. ಹುಚ್ಚು ಹಿಡೀತಿದ್ಯಾ ನಂಗೆ?

— ಹುಚ್ಚಲ್ಲ ಮಾರಾಯ. ಅವ್ಳಿಗೂ ಇಷ್ಟ ಇದ್ಯೋ ಇಲ್ವೋ ಅನ್ನೋ ಡೌಟೇ ಇದನ್ನ ಬೆಳೆಸೋದು, ಒಂದಿನ ನಕ್ಳು ಇನ್ನೊಂದಿನ ತಿರುಗೂ ನೋಡ್ಲಿಲ್ಲ ಅಂದ್ರೆ ತಲೆ ಅಲ್ಲೇ ಸಿಕ್ಕಾಕೊಳತ್ತೆ. ಸ್ಟೇಟಸ್ ಮ್ಯೂಟ್ ಮಾಡು, ರಾತ್ರಿ ಫೋನ್ ಅಮ್ಮನ ಕೈಗೆ ಕೊಡು.

— ಕೇಳ್ಬಿಡು ಗುರು, ಬೇಡ ಅಂದ್ರೆ ಅಲ್ಲಿಗೇ ಬಿಡು. ಮನೆ ಹತ್ರ ಸುತ್ತೋದು ಮಾತ್ರ ಬೇಡ, ಅವ್ಳಿಗೆ ಭಯ ಆಗತ್ತೆ.

— ನಿದ್ದೆ ಊಟ ಕೆಟ್ಟಿದ್ರೆ 14416ಗೆ ಫೋನ್ ಮಾಡಪ್ಪ, ಟೆಲಿ ಮಾನಸ್ ಅಂತ ಮನಸ್ಸಿನ ಆರೋಗ್ಯದ ಹೆಲ್ಪ್‌ಲೈನ್, ಸರ್ಕಾರದ್ದು, ಫ್ರೀ, 24 ಗಂಟೆನೂ ಇರತ್ತೆ, ಕನ್ನಡದಲ್ಲೇ ಮಾತಾಡ್ಬೋದು.